ಆಯಿ ಉಣ್ಣುವ ಅರ್ಧ ತಾಸು

ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿಗೆ ಒಂದು ಹೊತ್ತು ನಿಗದಿಯಾಗಿತ್ತು. ಬೆಳಿಗ್ಗೆ ಹತ್ತರಿಂದ ಹತ್ತೂವರೆ. ಆ ಅರ್ಧ ತಾಸು ನನ್ನ ಅತ್ತೆ ಊಟಕ್ಕೆ ಕೂತಿರುತ್ತಿದ್ದರು. ನಾನು ಮಡಿ ಸೀರೆಯಲ್ಲಿ ಅವರ ಎದುರಿಗೆ ಬಡಿಸಲು ನಿಂತಿರುತ್ತಿದ್ದೆ. ನನ್ನ ಗಂಡ ಅಡುಗೆಮನೆಯ ಹೊಸ್ತಿಲಿನಾಚೆ ಬಂದು ನಿಂತು, ಹೇಳಬೇಕಾದ್ದನ್ನು ಪಿಸುದನಿಯಲ್ಲಿ ಹೇಳಿ ಹೋಗುತ್ತಿದ್ದರು. ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಇದು ಅವರು ಯೋಚಿಸಿ ಮಾಡಿದ ಉಪಾಯವೋ, ತಾನಾಗಿ ಬಿದ್ದ ರೂಢಿಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದರೆ ಅವರಿಗೂ ಗೊತ್ತಿರಲಿಕ್ಕಿಲ್ಲ.

ಬಾಯಿ ಯಾಕೆ ತೆರೆಯುವ ಹಾಗಿರಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ನಾವು ನಿಪ್ಪಾಣಿ ಹತ್ತಿರದ ಭೋಜ ಊರಿನ ಜೈನರು, ಕಬ್ಬು ಬೆಳೆಯುವವರು. ಅತ್ತೆಯನ್ನು ಗಂಡನೂ ನಾನೂ ಆಯಿ ಅಂತಲೇ ಕರೆಯುವುದು. ಮಾವ ಹೋದ ಮೇಲೆ ಆಯಿ ವ್ರತ ತೆಗೆದುಕೊಂಡರು. ದಿನಕ್ಕೆ ಒಂದೇ ಊಟ, ನೀರೂ ಆ ಹೊತ್ತಿಗೆ ಮಾತ್ರ. ಭಾವಿಯ ನೀರು ಸೇದಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಸ್ನಾನ ಮಾಡಿ ಮಡಿಯುಟ್ಟು, ಮನೆಯಲ್ಲೇ ಬೀಸಿದ ಹಿಟ್ಟಿನಿಂದ ಮಾಡಿದ ಅಡುಗೆಯೇ ಆಗಬೇಕು. ಅವರು ಮಾತಿಲ್ಲದೆ ಉಣ್ಣುತ್ತಾರೆ. ಉಣ್ಣುವಾಗ ತಾಟಿನಲ್ಲಿ ಕೂದಲು ಕಂಡರೆ, ಸತ್ತ ಇರುವೆ ಕಂಡರೆ, ಯಾರಾದರೂ ಅಳುವ ಸದ್ದೋ ಒದರುವ ಸದ್ದೋ ಕಿವಿಗೆ ಬಿದ್ದರೆ, ಅದಕ್ಕೆ ಅಂತರಾಯ ಅನ್ನುತ್ತಾರೆ. ಆಯಿ ಅಲ್ಲಿಗೇ ಕೈ ಜೋಡಿಸಿ ಎದ್ದುಬಿಡುತ್ತಾರೆ. ಮತ್ತೆ ಮರುದಿನ ಹತ್ತು ಗಂಟೆಯ ತನಕ ಒಂದು ಹನಿ ನೀರೂ ಇಲ್ಲ.

ಹೀಗಾಗಿ ಅದು ದನಿ ಏರದ ಮನೆ. ಆ ಅರ್ಧ ತಾಸಿನ ಶಿಸ್ತು ಉಳಿದ ಇಪ್ಪತ್ತಮೂರೂವರೆ ತಾಸಿಗೂ ಹಬ್ಬಿತ್ತು. ಬಾಗಿಲು ಬಡಿಯುವುದಿಲ್ಲ, ಪಾತ್ರೆ ಕುಕ್ಕುವುದಿಲ್ಲ, ಯಾರೂ ಯಾರಿಗೂ ಬೈಯುವುದಿಲ್ಲ. ನಮ್ಮ ಮದುವೆಗೆ ಮುಂಚೆ ಮಧ್ಯಸ್ಥರು ಈ ಮನೆಯನ್ನು ಹೊಗಳಿದ್ದೇ ಹಾಗೆ: "ಆ ಮನ್ಯಾಗ ಒಂದ ಜಗಳ ಕೇಳಿಲ್ರಿ ಯಾರೂ." ನಮ್ಮಪ್ಪನಿಗೆ ಅದು ಬಹಳ ಹಿಡಿಸಿತು. ನನ್ನ ತವರು ಉಗಾರ ಬುದ್ರುಕ, ನಾವೂ ಜೈನರೇ. ಆದರೆ ನಮ್ಮ ಮನೆಯಲ್ಲಿ ಎಲ್ಲರದೂ ಹೊಲದ ದನಿ. ಅಪ್ಪ ಈ ಬದುವಿನಿಂದ ಆ ಬದುವಿಗೆ ಒದರುವವರು, ಅವ್ವ ಅಡುಗೆಮನೆಯಿಂದಲೇ ಅದಕ್ಕೆ ಉತ್ತರ ಕೊಡುವವಳು. ಬೆಳಿಗ್ಗೆ ಜಗಳ, ಮಧ್ಯಾಹ್ನ ಒಂದೇ ತಾಟಿನಲ್ಲಿ ಶೇಂಗಾ ಚಟ್ನಿ. ನನಗೆ ಸಿಟ್ಟು ಬಂದರೆ ಮೂಗಿನ ತುದಿಗಿಂತ ಮೊದಲು ಗಂಟಲಿಗೆ ಬರುತ್ತದೆ. ಇಂಥವಳನ್ನು ತಂದು ಆ ಮನೆಯಲ್ಲಿ ನಿಲ್ಲಿಸಿದರು.

ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವುದೊಂದೇ ಆಸೆ ಇತ್ತು. ಮದುವೆಯ ಮಾತಿನಲ್ಲಿ "ಮಾಡ್ಲಿ ಬಿಡ್ರಿ, ಯಾರ್ ಬ್ಯಾಡ ಅಂತಾರ" ಅಂದಿದ್ದರು. ಬೇಡ ಅಂತ ಯಾರೂ ಅನ್ನಲೂ ಇಲ್ಲ. ಪ್ರತಿ ವರ್ಷ ನಾನು ಕೇಳಿದಾಗ ಗಂಡ "ನೋಡೋಣ" ಅನ್ನುತ್ತಿದ್ದರು, ಸ್ವಲ್ಪ ತಡೆದು "ಆಯಿಗೆ ಅಡಗಿ ಯಾರ್ ಮಾಡ್ತಾರ?" ಅನ್ನುತ್ತಿದ್ದರು. ತಿಂಗಳಿಗೆ ನಾಲ್ಕು ದಿನ ನಾನು ಒಲೆಯ ಹತ್ತಿರ ಹೋಗುವ ಹಾಗಿಲ್ಲದಾಗ ಆಯಿ ತಾವೇ ಕೂತು ಮಾಡಿಕೊಳ್ಳುತ್ತಿದ್ದರು. ಉಳಿದ ಇಪ್ಪತ್ತಾರು ದಿನ ಅದು ಅವರ ಕೈಯಲ್ಲಿ ಆಗುವುದಿಲ್ಲ ಅನ್ನುವುದು ಮನೆಯ ನಂಬಿಕೆ. ಆಯಿಯನ್ನು ಯಾರೂ ಕೇಳಿರಲಿಲ್ಲ. ಆಯಿಯೂ ಹೇಳಿರಲಿಲ್ಲ. ಜಗಳ ಮಾಡೋಣ ಅಂದರೆ ಎದುರಿಗೆ ಜಗಳ ಮಾಡುವ ಒಬ್ಬ ಮನುಷ್ಯನಾದರೂ ಬೇಕಲ್ಲ. ಇಲ್ಲಿ ಎಲ್ಲರೂ ಒಳ್ಳೆಯವರು.

ಒಂದು ದಿನ ಹೀಗೇ ಹತ್ತು ಗಂಟೆಯ ಹೊತ್ತಿಗೆ ಗಂಡ ಹೊಸ್ತಿಲಿಗೆ ಬಂದರು. "ನಿಮ್ಮ ತಮ್ಮನ ನಿಶ್ಚಯಕ್ಕ ಹೋಗೂದು ಈ ಸಲ ಬ್ಯಾಡ. ಕಬ್ಬ ಕಡಿಯೂ ಗ್ಯಾಂಗ್ ಬರ್ತೈತಿ," ಅಂದರು, ಹೋದರು. ನನ್ನ ಕೈಯಲ್ಲಿ ತೊವ್ವೆಯ ಸೌಟು. ಆಯಿ ಎರಡನೆಯ ರೊಟ್ಟಿ ಮುರಿಯುತ್ತಿದ್ದರು. ಕನ್ನಡದ ಮಾತುಗಳು ಒಂದರ ಮೇಲೊಂದು ಏರಿ ನಾಲಿಗೆಯ ತುದಿಗೆ ಬಂದವು. ಕನ್ನಡದ ಸಿಟ್ಟಿನ ಮಾತಿಗೆ ಇದೊಂದು ಗುಣ, ನೆನೆದರೆ ಸಾಕು, ಹೊರಗೆ ಬರಲು ದಾರಿ ನೋಡುತ್ತದೆ. ಮರಾಠಿಯದೂ ಅಷ್ಟೇ. ಅವುಗಳನ್ನು ಒಳಗೆ ತಳ್ಳಲು ನಾನು ಬಲವಂತವಾಗಿ ಒಂದು ಇಂಗ್ಲಿಷ್ ಶಬ್ದ ಹಿಡಿದುಕೊಂಡೆ: ಎಕ್ಸ್‌ಪ್ಲೋಡ್. ನಾನು ಎಕ್ಸ್‌ಪ್ಲೋಡ್ ಆಗುತ್ತೇನೆ, ನಾನು ಎಕ್ಸ್‌ಪ್ಲೋಡ್ ಆಗುತ್ತೇನೆ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಅದು ಬೇರೆಯವರ ಮಾತು, ಹಾಗಾಗಿ ಸುಮ್ಮನೆ ಹೊಟ್ಟೆಯೊಳಗೆ ಕೂತಿತು. ತೊವ್ವೆ ಬಡಿಸಿದೆ.

ಮರುದಿನ ಬೆಳಿಗ್ಗೆ ಆ ಶಬ್ದ ಎಲ್ಲಿಯದು ಅಂತ ನೋಡಬೇಕು ಅನ್ನಿಸಿತು. ಕೊಲ್ಲಾಪುರದ ಹಳೆಯ ಪುಸ್ತಕದ ಅಂಗಡಿಯಲ್ಲಿ ತಂದ ದಪ್ಪ ಡಿಕ್ಷನರಿಯೊಂದು ನನ್ನ ಟ್ರಂಕಿನಲ್ಲಿತ್ತು. ಪ್ರತಿ ಶಬ್ದದ ಕೆಳಗೆ ಅದು ಯಾವ ಭಾಷೆಯಿಂದ, ಹೇಗೆ ಬಂತು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎಕ್ಸ್‌ಪ್ಲೋಡ್ ಅನ್ನುವುದು ಲ್ಯಾಟಿನ್‌ನಿಂದ ಬಂದದ್ದು, ಅಲ್ಲಿ ಅದಕ್ಕೂ ಮದ್ದುಗುಂಡಿಗೂ ಸಂಬಂಧವೇ ಇರಲಿಲ್ಲ. ನಾಟಕದಲ್ಲಿ ನಟ ಕೆಟ್ಟದಾಗಿ ಮಾಡಿದರೆ ಜನ ಜೋರಾಗಿ ಚಪ್ಪಾಳೆ ಬಡಿದು, ಗದ್ದಲ ಮಾಡಿ ಅವನನ್ನು ರಂಗದಿಂದ ಓಡಿಸುತ್ತಿದ್ದರಂತೆ. ಆ ಓಡಿಸುವುದೇ ಎಕ್ಸ್‌ಪ್ಲೋಡ್. ಸಿಡಿಯುವ ಅರ್ಥ ಎಷ್ಟೋ ಕಾಲದ ಮೇಲೆ ಬಂದದ್ದು. ನನಗೆ ಒಬ್ಬಳಿಗೇ ನಗು ಬಂತು. ಸದ್ದು ಮಾಡಿ ಮನುಷ್ಯರನ್ನು ಕೂತಲ್ಲಿಂದ ಎಬ್ಬಿಸುವುದು ಅಂದರೆ ಏನು ಅಂತ ನಮ್ಮ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಮೇಲೆ ಅದೊಂದು ಚಟವಾಯಿತು. ಡಿಕ್ಷನರಿಯ ಬೆನ್ನಿಗೆ ಚರ್ಮದ ಪಟ್ಟಿ ಇದ್ದುದರಿಂದ ಅದನ್ನು ಮಡಿಯಲ್ಲಿ ಮುಟ್ಟುವಂತಿಲ್ಲ. ಸ್ನಾನಕ್ಕೆ ಮೊದಲು ಸಿಟ್ಟಿನದೊಂದು ಶಬ್ದ ಹುಡುಕಿ ಓದಿಕೊಳ್ಳುತ್ತಿದ್ದೆ, ಆಯಿ ಉಣ್ಣುವಷ್ಟು ಹೊತ್ತು ಅದನ್ನೇ ಮೆಲುಕು ಹಾಕುತ್ತಿದ್ದೆ. ಗಂಡ ಬಂದು ಪಿಸುಗುಟ್ಟಿ ಹೋದರೂ ನನ್ನ ಬಾಯಿಯೊಳಗೆ ಆಗಲೇ ಒಂದು ಶಬ್ದ ತುಂಬಿರುತ್ತಿತ್ತು.

ಟೆಂಪರ್ ಅನ್ನುವುದು ಮೂಲದಲ್ಲಿ ಸಿಟ್ಟೇ ಅಲ್ಲ. ತಕ್ಕ ಪ್ರಮಾಣದಲ್ಲಿ ಬೆರೆಸುವುದು ಅಂತ ಅರ್ಥ. ನಮ್ಮ ಹದ ಅನ್ನುವ ಮಾತಿಗೆ ಬಹಳ ಹತ್ತಿರ. ಟೆಂಪರ್ ಕಳೆದುಕೊಂಡ ಅಂದರೆ ಹದ ತಪ್ಪಿದ ಅಂತ. ಕೈಯಲ್ಲಿ ಹಿಟ್ಟಿದ್ದಾಗ ಇದು ನೆನಪಾಗಿ, ಬಿಸಿನೀರು ಸ್ವಲ್ಪ ಹೆಚ್ಚಾಗಿ ರೊಟ್ಟಿ ಹರಿದು ಬಂತು. ಸಿಟ್ಟು ಒಮ್ಮೆಲೇ ಉಕ್ಕುವುದಕ್ಕೆ ಹೇಳುವ ಪ್ಯಾರೊಕ್ಸಿಸಮ್ ಗ್ರೀಕರದು, ಅದರೊಳಗೆ ಚೂಪು ಮಾಡುವುದು, ತಿವಿಯುವುದು ಎಂಬ ಅರ್ಥ ಇದೆ. ಸಾಣೆ ಹಿಡಿದ ಹಾಗೆ ಸಿಟ್ಟು ದಿನದಿನಕ್ಕೆ ಮೊನಚಾಗುವುದನ್ನು ನಾನು ಬಲ್ಲೆ. ಜ್ವಾಲಾಮುಖಿಗೆ ಹೇಳುವ ಇರಪ್ಟ್ ಅನ್ನುವುದೂ ನಡುವೆ ಮಾತು ತಡೆಯುವ ಇಂಟರಪ್ಟ್ ಅನ್ನುವುದೂ ಒಂದೇ ಮನೆಯವು, ಎರಡರಲ್ಲೂ ಒಡೆಯುವುದೇ ಇದೆ. ಅವರ ಇಂಟರ್‌ಗೂ ನಮ್ಮ ಅಂತರಕ್ಕೂ ಬೇರು ಒಂದೇ ಅಂತ ಓದಿದ ದಿನ, ಅಂತರಾಯ ಅನ್ನುವ ಮಾತು ಇಷ್ಟು ದೂರದವರೊಂದಿಗೆ ನೆಂಟಸ್ತನ ಇಟ್ಟುಕೊಂಡಿದೆಯಲ್ಲ ಅಂತ ಆಯಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ.

ನನಗೆ ನಿಜವಾಗಿ ಉರಿದದ್ದು ಹಿಸ್ಟೀರಿಯಾದ ದಿನ. ಗರ್ಭಕೋಶ ಅನ್ನುವ ಗ್ರೀಕ್ ಮಾತಿನಿಂದ ಬಂದದ್ದಂತೆ. ಹೆಂಗಸು ಒಮ್ಮೆಲೇ ಅತ್ತರೆ, ಚೀರಿದರೆ, ಅದಕ್ಕೆ ಕಾರಣ ಅವಳ ಹೊಟ್ಟೆಯೊಳಗಿನ ಆ ಅಂಗ ಅಂತ ತೀರ್ಮಾನ ಮಾಡಿದ್ದರು. ಅವಳಿಗೆ ಯಾರು ಏನು ಅಂದರು ಅಂತ ಒಬ್ಬ ವೈದ್ಯನಾದರೂ ಕೇಳಬಾರದಿತ್ತೇ? ಅದರ ಮಾರನೆಯ ದಿನದಿಂದ ನಾನು ಒಂದು ಕಾಗದದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಪಟ್ಟಿ ಹಾಕಿ ಬರೆಯತೊಡಗಿದೆ. ಗಂಡಸರ ಸಿಟ್ಟಿಗೆ ಎಂಥೆಂಥ ವಂಶ! ಬರ್ಸರ್ಕ್ ಉತ್ತರದ ಚಳಿಯ ದೇಶದ ವೀರರದು, ಕರಡಿಯ ತೊಗಲು ತೊಟ್ಟು ಯುದ್ಧಕ್ಕೆ ನುಗ್ಗುತ್ತಿದ್ದವರು. ಅಮಾಕ್ ಮಲಯದಿಂದ ಹಡಗು ಹತ್ತಿ ಬಂದದ್ದು, ಕೈಯಲ್ಲಿ ಕತ್ತಿ ಹಿಡಿದು ಸಿಕ್ಕವರ ಮೇಲೆ ಬೀಳುವವನದು. ರೇಜ್ ಹುಚ್ಚುನಾಯಿಯ ರೋಗದ ಹೆಸರಿಗೆ ಮೂಲವಾದ ಶಬ್ದದಿಂದಲೇ ಬಂದದ್ದು, ಆದರೂ ರಾಜರಿಗೆ ಅದನ್ನು ಹಚ್ಚಿ ಬರೆಯುತ್ತಾರೆ. ಇನ್ನು ರಂಪಾಟಕ್ಕೆ ಹೇಳುವ ಟ್ಯಾಂಟ್ರಮ್ ನೋಡಿದೆ, ಮೂಲ ಗೊತ್ತಿಲ್ಲ. ಟಿಜಿ, ಮೂಲ ಗೊತ್ತಿಲ್ಲ. ಕನಿಪ್ಶನ್, ಮೂಲ ಗೊತ್ತಿಲ್ಲ. ಮಕ್ಕಳಿಗೂ ಹೆಂಗಸರಿಗೂ ನಗುತ್ತಾ ಹಚ್ಚುವ ಮಾತುಗಳಿಗೆಲ್ಲ ಊರಿಲ್ಲ, ಕೇರಿಯಿಲ್ಲ. ನನ್ನ ಗಂಡನನ್ನು ಕೇಳಿದ್ದರೂ ನನ್ನ ಸಿಟ್ಟಿನ ಬಗ್ಗೆ ಅದನ್ನೇ ಹೇಳುತ್ತಿದ್ದರು: "ಎಲ್ಲಿಂದ ಬರ್ತೈತೋ ಏನೋ ಇಕಿಗೆ."

ಇನ್ನೊಂದು ವಿಷಯವನ್ನೂ ಹೇಳಬೇಕು. ಅಷ್ಟೊಂದು ಜೋಪಾನ ಮಾಡಿದರೂ ಆಯಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಅಂತರಾಯ ಆಗುತ್ತಿತ್ತು. ಪ್ರತಿ ಸಲವೂ ಕೂದಲು. ಆಯಿ ತುತ್ತು ಕೆಳಗಿಟ್ಟು, ಬೆರಳ ತುದಿಯಲ್ಲಿ ಏನನ್ನೋ ತೆಗೆದು ಪಕ್ಕಕ್ಕಿಟ್ಟು, ಕೈ ಜೋಡಿಸಿ ಏಳುತ್ತಿದ್ದರು. ಯಾರೂ ನನಗೆ ಏನೂ ಅನ್ನುತ್ತಿರಲಿಲ್ಲ. ಗಂಡ ನನ್ನ ತಲೆಯನ್ನು ಒಮ್ಮೆ ನೋಡುತ್ತಿದ್ದರು, ಅಷ್ಟೇ. ನಾನು ಕೂದಲನ್ನು ಬಿಗಿಯಾಗಿ ಕಟ್ಟಿ ಮೇಲೊಂದು ಬಟ್ಟೆ ಸುತ್ತಿಕೊಳ್ಳತೊಡಗಿದೆ. ಆಮೇಲೆ ಎರಡು ಬಟ್ಟೆ. ಹಿಟ್ಟನ್ನು ಮೂರು ಸಲ ಜರಡಿ ಹಿಡಿಯುತ್ತಿದ್ದೆ, ಅನ್ನವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹನ್ನೊಂದು ವರ್ಷ ಹೀಗೆ. ಹಣೆಯ ಮೇಲೆ ಆ ಬಟ್ಟೆಯ ಅಂಚಿನ ಗುರುತು ಇಡೀ ದಿನ ಹೋಗುತ್ತಿರಲಿಲ್ಲ.

ಆ ಹನ್ನೊಂದನೆಯ ವರ್ಷ ಹೋಳಿ ಮುಗಿದು ಬಿಸಿಲು ಏರಿದ್ದಾಗ ಒಂದು ಶುಕ್ರವಾರ ಚಿಕ್ಕೋಡಿಯ ಒಂದು ಕಾಲೇಜಿನ ಪ್ರಾಚಾರ್ಯರು ಫೋನ್ ಮಾಡಿದರು. ನಾನು ಎರಡು ವರ್ಷದ ಹಿಂದೆ ಕೊಟ್ಟಿದ್ದ ಅರ್ಜಿ ಅವರ ಹತ್ತಿರ ಇತ್ತು. ಇಂಗ್ಲಿಷ್ ಪಾಠ ಮಾಡುತ್ತಿದ್ದವರು ನಡುವೆಯೇ ಬಿಟ್ಟು ಹೋಗಿದ್ದರು. "ಸೋಮವಾರ ಹತ್ತಕ್ಕ ಬರ್ರಿ ಮೇಡಂ. ಹುಡುಗ್ರ ಪರೀಕ್ಷೆ ಹತ್ರ ಬಂದಾವ. ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ, ಅಥಣಿಯವ್ರೊಬ್ರು ಕಾಯಾಕತ್ತಾರ." ಅಲ್ಲಿಯ ತನಕ ಯಾರೂ ನನ್ನನ್ನು ಮೇಡಂ ಅಂದಿರಲಿಲ್ಲ. ಬರುತ್ತೇನೆ ಅಂದೆ.

ಸಂಜೆ ಗಂಡನಿಗೆ ಹೇಳಿದೆ. "ಮುಂಜಾನಿ ಆಯಿ ಅಡಗಿ ಎಲ್ಲಾ ಮಾಡಿಟ್ಟು ಒಂಬತ್ತಕ್ಕ ಕಾಲ್ ತಾಸ ಇರಬೇಕಾದ್ರ ಬಸ್ ಹಿಡೀತೀನಿ. ಬಡಸೂದೊಂದ ಯಾರಾರ ನೋಡ್ಕೊಂಡ್ರ ಸಾಕ್ರಿ." ಅವರು ಮೊಬೈಲ್ ನೋಡುತ್ತಾ "ನೋಡೋಣ" ಅಂದರು. ಶನಿವಾರ ಮತ್ತೆ ಕೇಳಿದೆ, ಮತ್ತೆ ಅದೇ. ಬೇಡ ಅನ್ನಲಿಲ್ಲವಲ್ಲ ಅಂತ ನಾನು ಸೀರೆಗೆ ಇಸ್ತ್ರಿ ಮಾಡಿಸಿಟ್ಟೆ. ಟ್ರಂಕಿನಿಂದ ಸರ್ಟಿಫಿಕೇಟಿನ ಫೈಲ್ ತೆಗೆದು ಒರೆಸಿದೆ. ಆಯಿ ಪಡಸಾಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು, ನಾನು ಫೈಲ್ ಒರೆಸುವುದನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು.

ರವಿವಾರ ಹತ್ತು ಗಂಟೆ. ಆಯಿ ಕೂತು, ಮಂತ್ರ ಹೇಳಿ, ಊಟ ಶುರು ಮಾಡಿದ್ದರು. ಮೊದಲು ಎರಡು ತುತ್ತು ರೊಟ್ಟಿ, ಆಮೇಲೆ ನೀರು, ಅದು ಅವರ ಕ್ರಮ. ಎರಡನೆಯ ತುತ್ತು ಬಾಯಲ್ಲಿತ್ತು, ನಾನು ನೀರಿನ ತಂಬಿಗೆ ಎತ್ತಿದ್ದೆ. ಗಂಡ ಹೊಸ್ತಿಲಿಗೆ ಬಂದರು. "ಪ್ರಾಚಾರ್ಯರಿಗೆ ಫೋನ್ ಹಚ್ಚಿದ್ನಿ," ಅಂದರು ಪಿಸುದನಿಯಲ್ಲಿ. "ಮನ್ಯಾಗ ಅಡಚಣಿ ಐತಿ, ಬರಾಕ ಆಗೂದಿಲ್ಲಂತ ಹೇಳೀನಿ. ಸುಮ್ನ ಅವರೂ ಯಾಕ ದಾರಿ ಕಾಯಬೇಕು."

ಬೆಳಿಗ್ಗೆ ಓದಿಕೊಂಡ ಶಬ್ದ ಯಾವುದೋ ಇತ್ತು. ಅದು ಏನೆಂದು ಇವತ್ತಿಗೂ ನೆನಪಿಲ್ಲ. ನಾನು ಒದರಿದೆ. "ಯಾರನ್ನ ಕೇಳಿ ಹೇಳಿದ್ರಿ?" ಅಂತ ಉಗಾರದ ಹೊಲದಲ್ಲಿ ಅಪ್ಪ ಒದರಿದಂತೆ ಒದರಿದೆ. "ಯಾರನ್ನ ಕೇಳಿ ಹೇಳಿದ್ರಿ ನೀವು?" ತಂಬಿಗೆ ಕೈಯಿಂದ ಜಾರಿ ಬಿದ್ದು ನೀರೆಲ್ಲ ಚೆಲ್ಲಿತು. ಆ ಮನೆಯ ಗೋಡೆಗಳು ಅಂಥ ದನಿ ಕೇಳಿರಲಿಲ್ಲ, ನನ್ನ ಕಿವಿಯಲ್ಲೇ ಅದು ಗುಂಯ್ ಅಂದಿತು.

ತಿರುಗಿ ನೋಡಿದರೆ ಆಯಿ ಕೈ ಜೋಡಿಸಿದ್ದರು. ಆಮೇಲೆ ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಎದ್ದರು. ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನಾನು ಕಂಡಿಲ್ಲ. ಛಾವಣಿಯ ಪತ್ರಾಸಿನ ತಗಡಿನ ಮೇಲೆ ಬಿಸಿಲು ಕಾಯುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ಪಡಸಾಲೆಯ ಚಾಪೆಯ ಮೇಲೆ ಒಣ ತುಟಿಯಲ್ಲಿ ಮಲಗಿದ್ದರು, ಅದಕ್ಕೆ ಕಾರಣ ನಾನು. ಗಂಡ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಂದು ತಾಯಿಯ ಕಾಲು ಒತ್ತಿದರು, ನನ್ನ ಕಡೆ ನೋಡದೆ ಗೊಬ್ಬರದ ಚೀಲ ತರಲು ನಿಪ್ಪಾಣಿಗೆ ಹೋದರು. ಶಾಲೆಯ ರಜೆಗೆ ಮನೆಯಲ್ಲಿದ್ದ ನನ್ನ ಮಗಳು ಒಂದು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ನೀರು ಕುಡಿಯಲು ಹೋಗಿ ಕುಡಿಯದೆ ಬಂದೆ. ಕೆಲಸ ಹೋಯಿತು ಅನ್ನುವ ದುಃಖ ಪಡಲೂ ನನಗೆ ಹಕ್ಕಿಲ್ಲದಂತೆ ಮಾಡಿಬಿಟ್ಟಿದ್ದೆ ನಾನೇ. ಇನ್ನು ಮುಂದೆ ಈ ಮನೆಯಲ್ಲಿ ನಾನು ಏನು ಕೇಳಿದರೂ ಈ ರವಿವಾರ ಎದುರಿಗೆ ಬಂದು ನಿಲ್ಲುತ್ತದೆ ಅಂತ ಗೊತ್ತಿತ್ತು.

ಹೊತ್ತು ಇಳಿಯುವಾಗ ಹೋಗಿ ಆಯಿಯ ಕಾಲ ಹತ್ತಿರ ಕೂತೆ. "ತಪ್ಪಾತು ಆಯಿ. ನಾ ಒದರಬಾರದಿತ್ತು," ಅಂದೆ. ಅಳು ಬಂತು. ಆಯಿ ಎದ್ದು ಕೂತು ಗೋಡೆಗೆ ಒರಗಿದರು.

"ನಿಂದೊಂದ ಆತು. ನಂದೂ ಐತಿ, ಕೇಳು," ಅಂದರು. ನಾಲಿಗೆ ಒಣಗಿ ಮಾತು ತಡೆದು ತಡೆದು ಬರುತ್ತಿತ್ತು. "ಇಷ್ಟ್ ವರ್ಷ ನನ್ನ ತಾಟಿನ್ಯಾಗ ಕೂದಲ ಬಂದಾವಲ್ಲ, ಎಲ್ಲಾ ಸಲ ಕೂದಲ ಇರ್ಲಿಲ್ಲವ್ವಾ."

ನನಗೆ ತಿಳಿಯಲಿಲ್ಲ.

"ಮೊದಲಿಗೆ ಒಂದೆರಡ ಸಲ ಖರೇನ ಇದ್ದೂ. ಆಮ್ಯಾಲೆ ಇವ, ನಿನ್ನ ಗಂಡ, ನಿಮ್ಮ ಮಾವನ ಎತ್ತ ಮಾರಿದ್ನಲ್ಲ, ನನಗ ಒಂದ ಮಾತ ಕೇಳಲಾರ್ದ. ಅವತ್ತ ತಾಟಿನ್ಯಾಗ ಏನೂ ಇರ್ಲಿಲ್ಲ. ಭಾವಿ ದಂಡಿ ಹುಣಸಿ ಗಿಡ ಕಡಸಿದ್ನಲ್ಲ, ಅವತ್ತೂ ಇರ್ಲಿಲ್ಲ. ವ್ರತ ತಗೊಂಡಾಕಿ ನಾ. ನನಗ ಸಿಟ್ಟ ಬರಬಾರ್ದು. ಬಂದೈತಿ ಅಂತ ಹೇಳಾಕೂ ಬರೂದಿಲ್ಲ. ಕೂದಲ ಬಂದೈತಿ ಅಂತ ಹೇಳಾಕ ಬರ್ತೈತಿ." ಸೆರಗಿನಿಂದ ತುಟಿ ಒರೆಸಿಕೊಂಡು ಅಂದರು, "ಬಾಯಿ ಬಿಟ್ಟ ಒದರೂದು ನನಗ ಬರೂದಿಲ್ಲ. ತಾಟ ಬಿಟ್ಟ ಏಳೂದು ಬರ್ತೈತಿ. ಯಾಕ ಎದ್ದಾಳಂತ ಇವ ಒಂದ ದಿನಾ ಕೇಳ್ಲಿಲ್ಲ. ಎಲ್ಲಾರೂ ಕೂದಲ ಹುಡುಕಿದ್ರು."

ನಾನು ಅವರ ಕಾಲಿನ ಮೇಲಿಟ್ಟಿದ್ದ ಕೈ ತೆಗೆದೆ. ಕ್ಷಮೆ ಕೇಳಲು ಬಂದವಳಿಗೆ ಕಿವಿಯ ತನಕ ಬಿಸಿ ಏರಿತು. "ಹನ್ನೊಂದ ವರ್ಷ, ಆಯಿ," ಅಂದೆ. "ತಲಿಗೆ ಎರಡೆರಡ ಬಟ್ಟಿ ಕಟ್ಕೊಂಡ ನಾ ಒಲಿ ಮುಂದ ಬೆಂದೀನಿ. ಎಲ್ಲಾರೂ ನನ್ನ ತಲೀನ ನೋಡ್ತಿದ್ರು. ನಿಮಗ ಗೊತ್ತಿತ್ತು." ಇದನ್ನೂ ಮೆಲ್ಲಗೇ ಅಂದೆ ನೋಡಿ, ಅಭ್ಯಾಸ ಅಂದರೆ ಹಾಗೆ.

"ಗೊತ್ತಿತ್ತು," ಅಂದರು ಆಯಿ. "ಪಾಪದ ಕೆಲಸ. ದಿನಾ ಬಸ್ತಿಯೊಳಗ ದೇವರ ಮುಂದ ನಿಂತು ಹೇಳ್ಕೊಂಡೀನಿ. ನಿನ್ನ ಮುಂದ ಹೇಳಿರ್ಲಿಲ್ಲ."

ಅವರು ಕೈ ಜೋಡಿಸಿದರು. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು ಅಂತ ನೀವು ಅನ್ನಬಹುದು, ಹಿರಿಯರು ಕೈ ಜೋಡಿಸಿದಾಗ ನಾವೂ ಜೋಡಿಸುವುದು ನಮ್ಮಲ್ಲಿ ರೂಢಿ. ನನ್ನ ಕೈ ಮೇಲೇಳಲಿಲ್ಲ. ಎದ್ದು ಹೋಗಿ ಹಿತ್ತಲಲ್ಲಿ ನಿಂತೆ. ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಅಯ್ಯೋ ಅನ್ನಿಸುತ್ತಿತ್ತು. ಎತ್ತು ಮಾರಿದ್ದಕ್ಕೆ ಇಡೀ ಒಂದು ದಿನ ನೀರು ಬಿಟ್ಟು ಮಲಗಿದ ಹೆಂಗಸು, ಅದಕ್ಕೆ ಕಾರಣ ಎತ್ತು ಅಂತ ಮಗನಿಗೆ ಗೊತ್ತೇ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲು ತಾಸು ಇದ್ದಾಗ ಚಿಕ್ಕೋಡಿ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ನಾನು ಹಿಟ್ಟು ನಾದುತ್ತಿದ್ದೆ. ತಲೆಗೆ ಬಟ್ಟೆ ಕಟ್ಟಿರಲಿಲ್ಲ, ಕೂದಲನ್ನು ಸುಮ್ಮನೆ ಗಂಟು ಹಾಕಿದ್ದೆ. ಹತ್ತಕ್ಕೆ ಆಯಿ ಬಂದು ಕೂತರು. ಎರಡು ದಿನದಿಂದ ನೀರು ಕಾಣದ ಮುಖ ಸಣ್ಣಗಾಗಿತ್ತು. ತಾಟು ಇಟ್ಟೆ, ಬಡಿಸಿದೆ, ತಂಬಿಗೆ ಹಿಡಿದು ನಿಂತೆ. ಅವರು ಕಣ್ಣು ಮುಚ್ಚಿ ಮಂತ್ರ ಹೇಳಲಿಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲಿನ ಕಡೆ ನೋಡುತ್ತಾ ಕೂತರು. ಮಂತ್ರ ಹೇಳಿ ಊಟ ಶುರುವಾಗುವ ತನಕ ಮಾತಾಡಿದರೆ ದೋಷವಿಲ್ಲ.

ಗಂಡ ಬಂದರು, ತಾಯಿ ನೀರು ಕುಡಿದರೋ ಇಲ್ಲವೋ ನೋಡಲು.

"ಆ ಕಾಲೇಜಿನವ್ರಿಗೆ ಫೋನ್ ಹಚ್ಚು," ಅಂದರು ಆಯಿ. "ಇಕಿ ಬರ್ತಾಳಂತ ಹೇಳು."

"ನೋಡೋಣ ಆಯಿ. ಮೊದಲ ನೀ ಊಟ ಮಾಡು."

"ಹಚ್ಚು."

ಆಯಿ ತಾಟಿಗೆ ಕೈ ಹಾಕಲಿಲ್ಲ. ಗಂಡ ನನ್ನನ್ನು ನೋಡಿದರು, ನಾನು ಹೇಳಿಕೊಟ್ಟಿದ್ದೇನೆ ಅಂದುಕೊಂಡಿರಬೇಕು. ಆಮೇಲೆ ಮೊಬೈಲ್ ತೆಗೆದು ಹಚ್ಚಿದರು. ಆ ಕಡೆಯ ದನಿ ನಮಗೂ ಕೇಳುತ್ತಿತ್ತು. ಅಥಣಿಯವರು ಬೆಳಿಗ್ಗೆಯೇ ಬಂದು ಹಾಜರಾಗಿದ್ದರು, ಆಗಲೇ ಕ್ಲಾಸಿಗೂ ಹೋಗಿದ್ದರು. "ನೀವ ಬ್ಯಾಡ ಅಂದ್ರೆಲ್ರಿ," ಅಂದರು ಪ್ರಾಚಾರ್ಯರು. ಗಂಡ ಫೋನ್ ಇಟ್ಟರು. ಅವರ ಮುಖದಲ್ಲಿ ಬೇಜಾರಿನ ಜೊತೆಗೆ ಒಂದಿಷ್ಟು ನಿರಾಳವೂ ಇತ್ತು, ಅದನ್ನು ನಾನು ಕಂಡೆ. "ಹಂಗಾರ ಮುಗೀತಲ್ಲ," ಅಂದರು. "ಇನ್ನರ ಉಣ್ಣು ಆಯಿ."

ಆಯಿ ತಾಟನ್ನು ಒಂದು ಗೇಣು ಮುಂದೆ ತಳ್ಳಿದರು. "ಇದರಾಗ ಕೂದಲ ಇಲ್ಲೋ," ಅಂದರು. "ನನಗ ಸಿಟ್ಟ ಬಂದೈತಿ."

ನನ್ನ ಗಂಡ ಬಗ್ಗಿ ತಾಟನ್ನು ನೋಡಿದರು. ಹೌದು, ಆಗಲೂ ಕೂದಲು ಇದೆಯೋ ಏನೋ ಅಂತ ನೋಡಿದರು. ನನಗೆ ಅದನ್ನು ನೋಡಿ ಸಂಕಟವಾಯಿತು. ಆಯಿಗೆ ಇನ್ನೂ ಹೆಚ್ಚು ಆಗಿರಬೇಕು, ಆದರೆ ಅವರು ಒಂದೊಂದೇ ಮಾತು ಹೇಳಿದರು: "ನಾಳಿಂದ ನನ್ನ ಅಡಗಿ ನಾ ಮಾಡ್ಕೋತೀನಿ. ತಿಂಗಳಾ ನಾಕ ದಿನ ಮಾಡ್ಕೋತೀನಲ್ಲ, ಕೈ ಮುರದಾವೇನು ನಂದು? ಇಷ್ಟ್ ದಿನ ಸುಮ್ನ ಇದ್ನಿ, ಇಕಿ ಮುಂದ ನಿಂತು ಬಡಸೂದು ನನಗೂ ಛಲೋ ಅನಸ್ತಿತ್ತು. ಇಕಿ ಎಲ್ಲಿ ಕೆಲಸ ಕೊಡ್ತಾರೋ ಅಲ್ಲಿಗೆ ಹೋಗ್ಲಿ. ನಿಪ್ಪಾಣಿಗರ ಹೋಗ್ಲಿ, ರಾಯಬಾಗಕ್ಕರ ಹೋಗ್ಲಿ." ಇಷ್ಟು ಹೇಳಿ ತಾಟು ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ ಮಂತ್ರ ಹೇಳಿ, ಮೊದಲ ತುತ್ತು ಇಟ್ಟುಕೊಂಡರು.

ಅಲ್ಲಿಗೆ ಆ ಅರ್ಧ ತಾಸು ಶುರುವಾಯಿತು. ಗಂಡ ಹೊಸ್ತಿಲಿನಲ್ಲೇ ನಿಂತಿದ್ದರು. ಎರಡು ತುತ್ತಾಯಿತು, ನಾನು ನೀರು ಕೊಟ್ಟೆ, ಆಯಿ ಕುಡಿದರು. ನೀರು ಗಂಟಲಿನಲ್ಲಿ ಇಳಿಯುವುದು ಹೊರಗೆ ಕಾಣುತ್ತಿತ್ತು. ಗಂಡ ನನ್ನ ಕಡೆ ಬಾಗಿ ಪಿಸುಗುಟ್ಟಿದರು, "ಇದೆಲ್ಲಾ ಏನ ಹಚ್ಚೀಯ ನೀ ಮನ್ಯಾಗ?"

ನಾನು ತಂಬಿಗೆಯನ್ನು ಆಯಿಯ ಕೈಗೆ ಸಿಗುವಂತೆ ಇಟ್ಟೆ. ರೊಟ್ಟಿಯ ಬುಟ್ಟಿ, ಪಲ್ಯ, ತೊವ್ವೆ ಎಲ್ಲವನ್ನೂ ಅವರ ಬಲಗಡೆಗೆ ಸರಿಸಿದೆ. "ಅಂಗಳಕ್ಕ ಬರ್ರಿ," ಅಂತ ಗಂಡನಿಗೆ ಹೇಳಿ ಮಡಿ ಸೀರೆಯಲ್ಲೇ ಹೊರಗೆ ನಡೆದೆ.

ಇದನ್ನು ಬರೆಯುವ ಹೊತ್ತಿಗೆ ನಾನು ಚಿಕ್ಕೋಡಿಯ ಇನ್ನೊಂದು ಕಾಲೇಜಿಗೆ ದಿನಾ ಹೋಗಿಬರುತ್ತೇನೆ, ಆದರೆ ಅದು ಸಿಕ್ಕಿದ್ದು ಮರುವರ್ಷ. ಆ ಸೋಮವಾರ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಂಗಳದಲ್ಲಿ ನಿಂತು ನಾನು ಮಾತಾಡಿದೆ. ತಮ್ಮನ ನಿಶ್ಚಯದಿಂದ ಶುರು ಮಾಡಿದೆ. ಹೊಸ್ತಿಲಿನಲ್ಲಿ ಹೇಳಿದ ಒಂದೊಂದನ್ನೂ, ಹೇಳಿದ ಕ್ರಮದಲ್ಲೇ, ಎಲ್ಲವೂ ನೆನಪಿತ್ತು ನನಗೆ, ಒಂದೊಂದಾಗಿ ಎದುರಿಗಿಟ್ಟೆ. ದನಿ ತಗ್ಗಿಸಲಿಲ್ಲ. ಎದುರಿನ ಮನೆಯ ಬಾಗಿಲು ತೆರೆಯಿತು, ಪಕ್ಕದ ಮನೆಯವರು ಕೈಯಲ್ಲಿ ಮೊರ ಹಿಡಿದೇ ಬಂದು ನಿಂತರು. "ಹಗೂರ ಮಾತಾಡ, ಆಯಿ ಉಣ್ಣಾಕತ್ತಾಳ," ಅಂದರು ಗಂಡ. ನನಗೂ ಅದೇ ಹೆದರಿಕೆ. ಆದರೂ ನಿಲ್ಲಿಸಲು ಆಗಲಿಲ್ಲ. ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ಸುಮ್ಮನಾದಾಗ ಒಳಗಿನಿಂದ ಏನೂ ಸದ್ದಿರಲಿಲ್ಲ. ಓಡಿಹೋಗಿ ನೋಡಿದೆ.

ಆಯಿ ಎದ್ದಿರಲಿಲ್ಲ. ಕೊನೆಯ ಚೂರು ರೊಟ್ಟಿಯಿಂದ ತಾಟು ಬಳಿದು ಬಾಯಿಗಿಟ್ಟುಕೊಂಡರು, ಅಗಿದು ನುಂಗಿದರು, ತಂಬಿಗೆ ಎತ್ತಿ ನೀರೆಲ್ಲ ಕುಡಿದರು. ಕೈ ತೊಳೆದು, ಜೋಡಿಸಿ, ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಒದರಿದ ಒಂದೊಂದು ಮಾತೂ ಅವರಿಗೆ ಕೇಳಿತ್ತು. ವ್ರತದ ನಿಯಮದಲ್ಲಿ ಅದು ಹೇಗೆ ಸರಿಯೋ ನಾನು ಕೇಳಲಿಲ್ಲ.

"ಮುಗೀತೇನು?" ಅಂದರು.

"ಇಲ್ಲ ಆಯಿ. ಇನ್ನೂ ಐತಿ."

"ಹಂಗಾರ ಹೋಗು. ನನ್ನ ಊಟ ಆತು."